ಹವಳದ ಅಕ್ವೇರಿಯಂಗೆ ಹೊಂದುವ ಜೀವಿಗಳನ್ನು ಆರಿಸುವ ಕ್ರಮ: ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಉಪ್ಪುನೀರಿನ ಹವಳದ ಅಕ್ವೇರಿಯಂ ಇಡಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಯಾವ ಮೀನಿನ ಜೊತೆ ಯಾವ ಮೀನನ್ನು ಬಿಡಬಹುದು ಎಂಬುದು. ಇದಕ್ಕೆ ಹೊಂದಾಣಿಕೆಯ ಕೋಷ್ಟಕವೊಂದನ್ನು ತೋರಿಸಿ ಉತ್ತರಿಸುವುದು ಸುಲಭ. ಆದರೆ ಆ ಕೋಷ್ಟಕಕ್ಕೆ ನಿಮ್ಮ ಟ್ಯಾಂಕಿನ ಉದ್ದವಾಗಲಿ, ಯಾವ ಮೀನು ಮೊದಲು ಒಳಗೆ ಬಂದಿತೆಂಬುದಾಗಲಿ, ಬಂಡೆಗಳ ನಡುವೆ ಅಡಗಲು ಎಷ್ಟು ಗೂಡುಗಳಿವೆ ಎಂಬುದಾಗಲಿ ತಿಳಿದಿರುವುದಿಲ್ಲ. ಒಂದೇ ಜಾತಿಯ ಎರಡು ಮೀನುಗಳು ಆರು ಅಡಿಯ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕಲಹವಿಲ್ಲದೆ ಇರಬಹುದು, ಎರಡು ಅಡಿಯ ಟ್ಯಾಂಕಿನಲ್ಲಿ ಒಂದೇ ರಾತ್ರಿಯಲ್ಲಿ ಒಂದು ಇನ್ನೊಂದನ್ನು ಕೊಲ್ಲಬಹುದು. ಆದ್ದರಿಂದ ಇಲ್ಲಿ ಬೇರೊಂದು ಕ್ರಮವನ್ನು ಸೂಚಿಸಲಾಗಿದೆ. ನಿಮಗೆ ಬೇಕೇ ಬೇಕೆನಿಸಿದ ಒಂದು ಜೀವಿಯನ್ನು ಮೊದಲು ನಿರ್ಧರಿಸಿ, ಉಳಿದೆಲ್ಲವನ್ನೂ ಅದರ ಅಗತ್ಯಗಳಿಗೆ ತಕ್ಕಂತೆ ಆರಿಸುವುದು ಆ ಕ್ರಮ. ವಿವರಣೆಗಾಗಿ ನಾಲ್ಕು ಅಡಿ ಉದ್ದದ, ಸುಮಾರು 300 ಲೀಟರಿನ ಟ್ಯಾಂಕನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಮೊದಲು ನಮ್ಮ ಊರಿನ ಮಿತಿಗಳು

ಹವಳಗಳಿಗೂ ಅವುಗಳ ಜೊತೆಯ ಮೀನುಗಳಿಗೂ ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಂಗಳೂರು, ಉಡುಪಿಯ ಮನೆಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಹಗಲಿನ ಉಷ್ಣತೆ 32-33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದರ ಮೇಲೆ ಪಂಪು ಮತ್ತು ದೀಪಗಳ ಶಾಖವೂ ನೀರಿಗೆ ಸೇರುತ್ತದೆ. ನೀರಿನ ಮೇಲ್ಮೈಗೆ ಫ್ಯಾನ್ ಹಾಯಿಸಿದರೆ ಸಾಕೆಂದು ಒಳನಾಡಿನ ಊರಿನವರು ಹೇಳುವ ಸಲಹೆ ಇಲ್ಲಿ ಅರ್ಧ ಮಾತ್ರ ಫಲಿಸುತ್ತದೆ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿಯಾಗಿಸುವ ಮೂಲಕ, ಗಾಳಿಯಲ್ಲಿ ಮೊದಲೇ ತೇವ ತುಂಬಿರುವ ಕರಾವಳಿಯಲ್ಲಿ ಆವಿಯಾಗುವುದೇ ಕಡಿಮೆ. ಹಾಗಾಗಿ ಸುಣ್ಣದ ಗಟ್ಟಿ ಗೂಡು ಕಟ್ಟುವ ಗಟ್ಟಿ ಹವಳ ಬೇಕೆನ್ನುವವರು ನೀರನ್ನು ತಂಪಾಗಿಸುವ ಯಂತ್ರವಾದ ಚಿಲ್ಲರ್‌ನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟು ಖರ್ಚು ಬೇಡವೆನ್ನುವವರು ಆ ಹವಳಗಳನ್ನು ಪಟ್ಟಿಯಿಂದ ಈಗಲೇ ಬಿಡುವುದು ಒಳ್ಳೆಯದು.

ಎರಡನೆಯ ಮಿತಿ ಕರೆಂಟು. ಜೂನ್, ಜುಲೈ ತಿಂಗಳ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಪಂಪುಗಳು ಗಂಟೆಗಟ್ಟಲೆ ನಿಲ್ಲುತ್ತವೆ. ನೀರಿನ ಚಲನೆ ನಿಂತ ಟ್ಯಾಂಕಿನಲ್ಲಿ ಆಮ್ಲಜನಕ ಬೇಗನೆ ಇಳಿಯುತ್ತದೆ, ಮೀನು ಹೆಚ್ಚಿದ್ದಷ್ಟೂ ಇನ್ನೂ ಬೇಗ. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಅಥವಾ ಪಂಪಿಗೆ ಸಾಲುವ ಇನ್ವರ್ಟರ್ ಇರಲೇಬೇಕು. ಅದರ ಜೊತೆಗೆ, ಪುಸ್ತಕಗಳು ಒಪ್ಪುವ ಗರಿಷ್ಠ ಸಂಖ್ಯೆಗಿಂತ ಒಂದೆರಡು ಮೀನು ಕಡಿಮೆಯೇ ಇಡುವುದು ನಮ್ಮ ಹವಾಮಾನಕ್ಕೆ ತಕ್ಕ ವಿವೇಕ.

ಕಡಲು ಹತ್ತಿರವಿದೆಯಲ್ಲ, ಮಲ್ಪೆಯಿಂದಲೋ ಪಣಂಬೂರಿನಿಂದಲೋ ಕ್ಯಾನಿನಲ್ಲಿ ನೀರು ತಂದರೆ ಆಗದೇ ಎಂಬ ಪ್ರಶ್ನೆ ಇಲ್ಲಿ ಸಹಜ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಇವೆಲ್ಲ ಕೆಂಪು ನೀರನ್ನು ತಂದು ದಂಡೆಯ ಹತ್ತಿರದ ಕಡಲಿಗೆ ಸುರಿಯುತ್ತವೆ. ಆಗ ಲವಣಾಂಶ ಕುಸಿಯುತ್ತದೆ, ಮಣ್ಣಿನ ಕಣ ಸೇರುತ್ತದೆ. ಬಂದರಿನ ಆಸುಪಾಸಿನ ನೀರಿನಲ್ಲಿ ದೋಣಿಗಳ ಡೀಸೆಲ್ ಬೆರೆತಿರುವುದು ಬೇರೆ ಮಾತು. ಆರ್‌ಒ ನೀರಿಗೆ ಹವಳಗಳಿಗೆಂದೇ ತಯಾರಾದ ಉಪ್ಪು ಬೆರೆಸಿ, ಲವಣಾಂಶವನ್ನು ಸಾವಿರಕ್ಕೆ 35 ಭಾಗದಲ್ಲಿ, ಅಂದರೆ ಸಾಪೇಕ್ಷ ಸಾಂದ್ರತೆ 1.025-1.026ರಲ್ಲಿ, ವರ್ಷವಿಡೀ ಸ್ಥಿರವಾಗಿಡುವುದು ಸುರಕ್ಷಿತ. ಆವಿಯಾಗಿ ಕಡಿಮೆಯಾದ ನೀರಿನ ಬದಲಿಗೆ ಸಿಹಿ ಆರ್‌ಒ ನೀರನ್ನೇ ಸೇರಿಸಬೇಕು, ಉಪ್ಪು ಆವಿಯಾಗುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಗಟ್ಟಿ ಹವಳಗಳು, ಕಡಲ್ಗುದುರೆ, ದೈತ್ಯ ಕಪ್ಪೆಚಿಪ್ಪು, ಕಡಲಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮುರ್ಡೇಶ್ವರದ ಬಳಿಯ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ತುಂಡನ್ನೂ ಕಿತ್ತು ತರುವಂತಿಲ್ಲ. ಅಲ್ಲದೆ ಗಟ್ಟಿ ಹವಳಗಳು ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ, ಅಂಥ ಪಟ್ಟಿಯ ಜೀವಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅವುಗಳನ್ನು ನೋಂದಾಯಿಸಬೇಕಾಗುತ್ತದೆ. ಆಮದಿನ ದಾಖಲೆಯನ್ನು ತೋರಿಸಲಾಗದ ಮಾರಾಟಗಾರರಿಂದ ಗಟ್ಟಿ ಹವಳವನ್ನು ಕೊಳ್ಳಬೇಡಿ. ಜೊಯಾಂತಿಡ್, ಮಶ್ರೂಮ್, ಲೆದರ್ ಮುಂತಾದ ಮೆದು ಹವಳಗಳು ಸೈಟ್ಸ್ ಪಟ್ಟಿಯಲ್ಲಿಲ್ಲ. ಅವು ಸೆಕೆಯನ್ನೂ ಸ್ವಲ್ಪ ಹೆಚ್ಚು ತಾಳುವುದರಿಂದ ಹೊಸಬರಿಗೆ ನಾನು ಸೂಚಿಸುವುದು ಅವನ್ನೇ.

ಮುಖ್ಯ ಜೀವಿಯನ್ನು ನಿರ್ಧರಿಸುವುದು

ಒಂದು ಹಾಳೆಯ ಮೇಲೆ ನಿಮಗೆ ಇಷ್ಟವಾದ ಜೀವಿಗಳನ್ನೆಲ್ಲ ಬರೆದು, ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಾದರೆ ಯಾವುದನ್ನು ಉಳಿಸುತ್ತೀರಿ ಎಂದು ಕೇಳಿಕೊಳ್ಳಿ. ಉತ್ತರ ಲಯನ್ ಫಿಶ್ ಆಗಿದ್ದರೆ, ಅದು ಹವಳವನ್ನು ಮುಟ್ಟದಿದ್ದರೂ ಬಾಯಲ್ಲಿ ಹಿಡಿಯುವ ಪ್ರತಿಯೊಂದು ಮೀನನ್ನೂ ಸಿಗಡಿಯನ್ನೂ ನುಂಗುತ್ತದೆ. ಆಗ ಸಣ್ಣ ಮೀನುಗಳ ಪಟ್ಟಿಯನ್ನೇ ಹರಿದು ಹಾಕಬೇಕು. ಉತ್ತರ ಬಟರ್‌ಫ್ಲೈ ಮೀನಾಗಿದ್ದರೆ, ಆ ಕುಟುಂಬದ ಬಹುಪಾಲು ಜಾತಿಗಳು ಹವಳದ ಪಾಲಿಪ್‌ಗಳನ್ನೇ, ಅಂದರೆ ಹವಳವನ್ನು ಕಟ್ಟುವ ಪುಟ್ಟ ಜೀವಿಗಳನ್ನೇ, ಮೇಯುತ್ತವೆ, ಆದ್ದರಿಂದ ಹವಳಗಳನ್ನು ಬಿಡಬೇಕು. ಕಡಲ್ಗುದುರೆಯಾದರೆ ವೇಗವಾಗಿ ಈಜುವ ಯಾವ ಮೀನೂ ಜೊತೆಗಿರಬಾರದು, ಏಕೆಂದರೆ ಅದು ಆಹಾರವನ್ನು ಗುರುತಿಸಿ ಬಾಯಿ ಹಾಕುವಷ್ಟರಲ್ಲಿ ಉಳಿದವು ಎಲ್ಲವನ್ನೂ ತಿಂದು ಮುಗಿಸಿರುತ್ತವೆ. ಅದಕ್ಕೆ ಪ್ರತ್ಯೇಕ ಟ್ಯಾಂಕೇ ಸರಿ.

ಬಹಳಷ್ಟು ಮನೆಗಳಲ್ಲಿ ಉತ್ತರ ಕ್ಲೌನ್ ಮೀನಿನ ಜೋಡಿ ಎಂದಾಗಿರುತ್ತದೆ, ಅದು ಒಳ್ಳೆಯ ಉತ್ತರವೂ ಹೌದು. ಆಸೆಲ್ಲಾರಿಸ್ ಕ್ಲೌನ್ ಗಟ್ಟಿಮುಟ್ಟಾದ ಮೀನು, ಹವಳಕ್ಕೆ ಅಪಾಯವಿಲ್ಲ, ಸಣ್ಣ ಟ್ಯಾಂಕಿಗೂ ಒಪ್ಪುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿದ್ದು ಮಂಗಳೂರಿನಲ್ಲೂ ಕೇಂದ್ರ ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ತಂತ್ರವನ್ನು ರೂಪಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮರಿ ಒಣ ಆಹಾರಕ್ಕೆ ಮೊದಲೇ ಒಗ್ಗಿರುತ್ತದೆ, ಕಡಲಿನ ರೋಗವನ್ನು ತರುವ ಸಂಭವವೂ ಕಡಿಮೆ. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡಾಗುವ ಹಾದಿಯಲ್ಲಿದ್ದು, ಗುಂಪಿನಲ್ಲಿ ದೊಡ್ಡದಾದುದು ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಎರಡು ಮರಿಗಳನ್ನು ಆರಿಸಿದರೆ ಅವು ತಾವಾಗಿ ಜೋಡಿಯಾಗುತ್ತವೆ. ಬೆಳೆದ ಎರಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟರೆ ಒಂದು ಸಾಯುವವರೆಗೂ ಕಾದಾಟ ನಿಲ್ಲುವುದಿಲ್ಲ. ಮರೂನ್ ಕ್ಲೌನ್ ನೋಡಲು ಇನ್ನೂ ಚೆಂದವಾದರೂ ಕ್ಲೌನ್‌ಗಳಲ್ಲೇ ಅತಿ ಜಗಳಗಂಟ, ಸಾಧು ಮೀನುಗಳ ಟ್ಯಾಂಕಿಗೆ ಬೇಡ.

ಪ್ರತಿ ಜೀವಿಗೂ ಕೇಳಬೇಕಾದ ಪ್ರಶ್ನೆಗಳು

ಮುಖ್ಯ ಜೀವಿ ಗೊತ್ತಾದ ಮೇಲೆ, ಉಳಿದ ಪ್ರತಿಯೊಂದರ ಬಗ್ಗೆಯೂ ಕೊಳ್ಳುವ ಮುನ್ನ ನಾಲ್ಕು ವಿಷಯಗಳನ್ನು ತಿಳಿದುಕೊಳ್ಳಬೇಕು. ಪೂರ್ಣ ಬೆಳೆದಾಗ ಅದು ಎಷ್ಟು ಉದ್ದವಾಗುತ್ತದೆ, ಅದರ ಬಾಯಿಗೆ ಯಾವುದು ಹಿಡಿಯುತ್ತದೆ, ಟ್ಯಾಂಕಿನ ಯಾವ ಭಾಗವನ್ನು ತನ್ನದೆಂದು ಕಾಯುತ್ತದೆ, ಮತ್ತು ಏನನ್ನು ತಿಂದು ಬದುಕುತ್ತದೆ.

ಉದ್ದದ ವಿಷಯದಲ್ಲಿ ಅತಿ ಹೆಚ್ಚು ಅನ್ಯಾಯಕ್ಕೊಳಗಾಗುವ ಮೀನು ನೀಲಿ ಟ್ಯಾಂಗ್. ಅಂಗಡಿಯಲ್ಲಿ ಎರಡು ಇಂಚಿನ ಮರಿಯಾಗಿ ಸಿಗುವ ಅದು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ದಿನವಿಡೀ ಈಜುತ್ತಲೇ ಇರುತ್ತದೆ, ಆರು ಅಡಿಗಿಂತ ಚಿಕ್ಕ ಟ್ಯಾಂಕು ಅದಕ್ಕೆ ಸಾಲದು. ನಮ್ಮ ಮಾದರಿ ಟ್ಯಾಂಕಿಗೆ ಟ್ಯಾಂಗ್ ಬೇಕೇ ಬೇಕೆಂದಾದರೆ, ಚಿಕ್ಕದಾಗಿಯೇ ಉಳಿದು ಗಾಜಿನ ಮೇಲಿನ ಪಾಚಿಯನ್ನು ಕೆರೆಯುವ ಟೊಮಿನಿ ಟ್ಯಾಂಗ್ ಒಂದನ್ನು ಮಾತ್ರ ಪರಿಗಣಿಸಬಹುದು. ಮರಿಯಾಗಿರುವಾಗ ತಂದು ದೊಡ್ಡದಾದ ಮೇಲೆ ಟ್ಯಾಂಕು ಬದಲಿಸುತ್ತೇವೆ ಎಂಬ ಯೋಜನೆಯನ್ನು ನಾನು ನಂಬುವುದಿಲ್ಲ. ದೊಡ್ಡ ಟ್ಯಾಂಕು ಮೊದಲು ಬರಲಿ.

ಪ್ರಾಂತ್ಯ ಕಾಯುವ ಗುಣವನ್ನು ಅಂಗಡಿಯಲ್ಲಿ ನೋಡಿ ತಿಳಿಯಲಾಗುವುದಿಲ್ಲ. ಕಿಕ್ಕಿರಿದ ತೊಟ್ಟಿಯಲ್ಲಿ ಯಾರಿಗೂ ಜಾಗವಿಲ್ಲದ ಕಾರಣ ಎಲ್ಲವೂ ಸಾಧುವಾಗಿಯೇ ಕಾಣುತ್ತವೆ. ಡ್ಯಾಮ್ಸೆಲ್‌ಗಳು ಅಗ್ಗ, ಬಣ್ಣದವು, ಸುಲಭಕ್ಕೆ ಸಾಯದವು, ಹಾಗಾಗಿಯೇ ಹೊಸಬರ ಟ್ಯಾಂಕಿಗೆ ಮೊದಲು ಬರುತ್ತವೆ. ವಿಶೇಷವಾಗಿ ಮೂರು ಬಿಳಿ ಚುಕ್ಕೆಗಳ ಡೊಮಿನೊ ಡ್ಯಾಮ್ಸೆಲ್ ಬೆಳೆದ ಮೇಲೆ ತನಗಿಂತ ದೊಡ್ಡ ಮೀನುಗಳನ್ನೂ ಮೂಲೆಗೆ ಒತ್ತುತ್ತದೆ. ನಮ್ಮ ಕರಾವಳಿಯ ಬಂಡೆಗಳ ನಡುವೆ ಕಾಣುವ ಪಟ್ಟೆಗಳ ಸಾರ್ಜೆಂಟ್ ಮೀನು ಸಹ ಇದೇ ಕುಟುಂಬದ್ದು. ಇಳಿತದ ಹೊತ್ತು ಹೊಂಡದಲ್ಲಿ ಮರಿ ಸಿಕ್ಕಿತೆಂದು ಮಕ್ಕಳು ತಂದರೂ ಅದನ್ನು ಟ್ಯಾಂಕಿಗೆ ಬಿಡಬೇಡಿ. ಸಿಕ್ಸ್‌ಲೈನ್ ರಾಸ್ ಮತ್ತು ಡಾಟಿಬ್ಯಾಕ್‌ಗಳು ಸಹ ಗಾತ್ರಕ್ಕೆ ಮೀರಿದ ಕೋಪದವು. ಸಾಮಾನ್ಯ ನಿಯಮವೆಂದರೆ, ಒಂದೇ ಬಣ್ಣ, ಒಂದೇ ಆಕಾರ, ಒಂದೇ ಆಹಾರದ ಎರಡು ಮೀನುಗಳು ಪರಸ್ಪರ ಪ್ರತಿಸ್ಪರ್ಧಿಗಳು. ನೇರಳೆ-ಹಳದಿಯ ರಾಯಲ್ ಗ್ರಾಮ ಸಾಧು ಮೀನಾದರೂ ಅದೇ ಬಣ್ಣದ ರಾಯಲ್ ಡಾಟಿಬ್ಯಾಕ್ ಜೊತೆ ಇರಿಸಿದರೆ ಒಂದಕ್ಕೆ ಉಳಿಗಾಲವಿಲ್ಲ.

ಆಹಾರದ ಪ್ರಶ್ನೆಯನ್ನು ಜನ ಹೊಂದಾಣಿಕೆಯ ಭಾಗವೆಂದು ಭಾವಿಸುವುದಿಲ್ಲ, ಆದರೆ ಜಗಳದಿಂದ ಸತ್ತ ಮೀನುಗಳಿಗಿಂತ ಸದ್ದಿಲ್ಲದೆ ಹಸಿದು ಸತ್ತವೇ ಹೆಚ್ಚಿರಬೇಕೆಂದು ನನ್ನ ಅನುಮಾನ. ಮ್ಯಾಂಡರಿನ್ ಮೀನು ಇದಕ್ಕೆ ಒಳ್ಳೆಯ ಉದಾಹರಣೆ. ಅದು ಯಾರ ತಂಟೆಗೂ ಹೋಗುವುದಿಲ್ಲ, ಹವಳವನ್ನು ಮುಟ್ಟುವುದಿಲ್ಲ. ಕೋಷ್ಟಕದಲ್ಲಿ ಅದರ ಹೆಸರಿನ ಮುಂದೆ ಹಸಿರು ಗುರುತೇ ಇರುತ್ತದೆ. ಆದರೆ ಅದು ದಿನವಿಡೀ ಬಂಡೆಗಳ ಮೇಲಿನ ಕೋಪಿಪಾಡ್ ಎಂಬ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತಿನ್ನುತ್ತಾ ಬದುಕುತ್ತದೆ. ವರ್ಷ ತುಂಬದ ಟ್ಯಾಂಕಿನಲ್ಲಿ, ಅಥವಾ ಅದೇ ಆಹಾರವನ್ನು ಹುಡುಕುವ ರಾಸ್ ಮೀನು ಜೊತೆಗಿರುವಲ್ಲಿ, ಕೆಲವೇ ವಾರಗಳಲ್ಲಿ ಅದರ ಹೊಟ್ಟೆ ಒಳಸೇರುತ್ತದೆ. ಕ್ಲೀನರ್ ರಾಸ್ ಸಹ ಇತರ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ನೆಚ್ಚಿದ ಜೀವಿ, ಮನೆಯ ಟ್ಯಾಂಕಿನಲ್ಲಿ ಬಹುಕಾಲ ಉಳಿಯುವುದು ಅಪರೂಪ.

ಆಹಾರದ ಮಟ್ಟಿಗೆ ನಮ್ಮ ಊರಿಗೆ ಒಂದು ಅನುಕೂಲವಿದೆ. ಮಾರುಕಟ್ಟೆಯಲ್ಲಿ ತಾಜಾ ಸಿಗಡಿ, ಮರುವಾಯಿ (ಚಿಪ್ಪುಮೀನು) ಸಿಗುತ್ತವೆ. ತೊಳೆದು, ಕೆಲವು ದಿನ ಫ್ರೀಜರಿನಲ್ಲಿಟ್ಟು, ಸಣ್ಣಗೆ ಹೆಚ್ಚಿ ಕೊಟ್ಟರೆ ಒಣ ಆಹಾರ ಮುಟ್ಟದ ಮೀನುಗಳೂ ಬಾಯಿ ಹಾಕುತ್ತವೆ. ಬಂಗುಡೆ, ಭೂತಾಯಿಯ ಎಣ್ಣೆಯಂಶ ನೀರನ್ನು ಕೆಡಿಸುವುದರಿಂದ ಅವನ್ನು ಸಾರಿಗೇ ಬಿಡುವುದು ಒಳ್ಳೆಯದು.

ಬೆನ್ನೆಲುಬಿಲ್ಲದ ಜೀವಿಗಳು

ಪಾಚಿ ಮೇಯಲು ಟ್ರೋಕಸ್ ಬಸವನಹುಳು, ಮರಳನ್ನು ಕೆದಕಲು ನಸ್ಸಾರಿಯಸ್, ಇವೆರಡು ಯಾರಿಗೂ ತೊಂದರೆ ಕೊಡುವುದಿಲ್ಲ. ಸನ್ಯಾಸಿ ಏಡಿಗಳು ಬೆಳೆದಂತೆ ಹೊಸ ಚಿಪ್ಪು ಹುಡುಕುತ್ತವೆ, ಖಾಲಿ ಚಿಪ್ಪು ಸಿಗದಿದ್ದರೆ ಬಸವನಹುಳುವನ್ನು ಕೊಂದು ಅದರ ಚಿಪ್ಪಿನೊಳಗೆ ಸೇರಿಕೊಳ್ಳುತ್ತವೆ. ಕೆಲವು ಖಾಲಿ ಚಿಪ್ಪುಗಳನ್ನು ಮರಳಿನ ಮೇಲೆ ಹರಡಿದರೆ ಈ ಕೊಲೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆಯ ಕ್ಲೀನರ್ ಸಿಗಡಿ ಎಲ್ಲರಿಗೂ ಒಪ್ಪುವ ಜೀವಿ, ಜೋಡಿಯಾಗಿ ಇಡಬಹುದು. ಕೋರಲ್ ಬ್ಯಾಂಡೆಡ್ ಸಿಗಡಿ ಉಳಿದ ಸಿಗಡಿಗಳನ್ನು ಸಹಿಸುವುದಿಲ್ಲ. ಹಾರ್ಲೆಕ್ವಿನ್ ಸಿಗಡಿ ನಕ್ಷತ್ರಮೀನನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲವಾದ್ದರಿಂದ ಅದರ ಆಸೆ ಬೇಡ. ಪಿಸ್ತೂಲ್ ಸಿಗಡಿಯನ್ನು ವಾಚ್‌ಮನ್ ಗೋಬಿ ಮೀನಿನ ಜೊತೆ ತಂದರೆ, ಕಣ್ಣು ಮಂದವಾದ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಇಡೀ ಹವ್ಯಾಸದಲ್ಲಿ ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾದ ಜೋಡಿ ಇನ್ನೊಂದಿಲ್ಲ. ಬಿಲ ತೋಡುವಾಗ ಬಂಡೆ ಕುಸಿಯದಂತೆ, ಬಂಡೆಗಳನ್ನು ಮರಳಿನ ಮೇಲಲ್ಲದೆ ಟ್ಯಾಂಕಿನ ತಳಕ್ಕೇ ತಾಗುವಂತೆ ಕೂರಿಸಿರಬೇಕು. ಚಾಕಲೇಟ್ ಚಿಪ್ ನಕ್ಷತ್ರಮೀನು ಹವಳಗಳನ್ನು ತಿನ್ನುತ್ತದೆ, ನೀಲಿ ಲಿಂಕಿಯಾ ನಕ್ಷತ್ರಮೀನು ಆಹಾರ ಸಾಲದೆ ಕೊರಗುತ್ತದೆ. ಎರಡನ್ನೂ ಬಿಡಿ.

ಹವಳಗಳ ನಡುವಿನ ಯುದ್ಧ

ಹವಳಗಳು ನಿಂತಲ್ಲೇ ನಿಂತಿದ್ದರೂ ಮೀನುಗಳಿಗಿಂತ ಕಡಿಮೆಯೇನೂ ಹೋರಾಡುವುದಿಲ್ಲ. ಗಲಾಕ್ಸಿಯಾ ಮತ್ತು ಟಾರ್ಚ್ ಹವಳಗಳು ರಾತ್ರಿ ಹೊತ್ತು ಉದ್ದನೆಯ ಕುಟುಕುವ ಎಳೆಗಳನ್ನು ಚಾಚಿ, ತಾಗಿದ ನೆರೆಹವಳವನ್ನು ಸುಡುತ್ತವೆ. ಇವುಗಳ ಸುತ್ತ ಕನಿಷ್ಠ 15-20 ಸೆಂಟಿಮೀಟರ್ ಖಾಲಿ ಜಾಗ ಬಿಡಬೇಕು, ನೀರಿನ ಹರಿವಿನ ದಿಕ್ಕಿನಲ್ಲಿ ಇನ್ನೂ ಹೆಚ್ಚು. ಲೆದರ್ ಹವಳಗಳ ಆಯುಧ ಬೇರೆ. ಅವು ನೀರಿಗೆ ರಾಸಾಯನಿಕಗಳನ್ನು ಬಿಟ್ಟು ದೂರದಲ್ಲಿರುವ ಅಕ್ರೊಪೊರಾದಂಥ ಗಟ್ಟಿ ಹವಳಗಳ ಬೆಳವಣಿಗೆಯನ್ನೂ ಕುಗ್ಗಿಸುತ್ತವೆ. ಒಂದೇ ಟ್ಯಾಂಕಿನಲ್ಲಿ ಎರಡೂ ಬೇಕೆನ್ನುವವರು ಅಂಥ ರಾಸಾಯನಿಕಗಳನ್ನು ಹೀರುವ ಆಕ್ಟಿವೇಟೆಡ್ ಕಾರ್ಬನ್ ಅನ್ನು ನಿಯತವಾಗಿ ಬದಲಿಸುತ್ತಾ ಇರಬೇಕು. ಹೊಸಬರು ಒಂದು ಪಂಗಡವನ್ನು ಆರಿಸಿ ಅದರಲ್ಲೇ ಉಳಿಯುವುದು ಮೇಲು. ಅಕ್ರೊಪೊರಾಕ್ಕೆ ಪ್ರಖರ ಬೆಳಕು, ಬಲವಾದ ಹರಿವು, ಕ್ಷಾರೀಯತೆ ಮತ್ತು ಕ್ಯಾಲ್ಸಿಯಂನ ಅಚಲ ಸ್ಥಿರತೆ ಬೇಕು, ಮಶ್ರೂಮ್ ಹವಳಕ್ಕೆ ಮಂದ ಬೆಳಕು, ನಿಧಾನದ ನೀರು ಸಾಕು. ಇವೆರಡು ಒಂದನ್ನೊಂದು ಕುಟುಕದಿದ್ದರೂ ಒಂದೇ ಜಾಗದಲ್ಲಿ ಎರಡಕ್ಕೂ ಸುಖವಿರುವುದಿಲ್ಲ.

ಕ್ಸೀನಿಯಾ ಮತ್ತು ಗ್ರೀನ್ ಸ್ಟಾರ್ ಪಾಲಿಪ್ ಗದ್ದೆಯ ಕಳೆಯಂತೆ ಹಬ್ಬುತ್ತವೆ, ಆದ್ದರಿಂದ ಅವನ್ನು ಮುಖ್ಯ ಬಂಡೆಗೆ ತಾಗದ ಪ್ರತ್ಯೇಕ ಕಲ್ಲಿನ ಮೇಲೆ ನೆಡಬೇಕು. ಜೊಯಾಂತಿಡ್‌ಗಳ ವಿಷಯದಲ್ಲಿ ಹೊಂದಾಣಿಕೆಯ ಪ್ರಶ್ನೆ ಮನೆಯವರಿಗೂ ಅನ್ವಯಿಸುತ್ತದೆ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಅತಿ ಪ್ರಬಲ ವಿಷವಿದೆ. ಕೈಗವಸು ಮತ್ತು ಕನ್ನಡಕವಿಲ್ಲದೆ ಅವನ್ನು ಕತ್ತರಿಸಬಾರದು, ಅವು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬಾರದು, ಏಕೆಂದರೆ ಆವಿಯ ಮೂಲಕ ಆ ವಿಷ ಉಸಿರಿಗೆ ಸೇರುತ್ತದೆ.

ಕಡಲಿನಲ್ಲಿ ಕ್ಲೌನ್ ಮೀನಿಗೆ ಆಸರೆಯಾಗುವ, ಕುಟುಕುವ ಎಳೆಗಳ ಜೀವಿ ಅನಿಮೋನ್. ಅದಿಲ್ಲದೆ ಕ್ಲೌನ್ ಮೀನು ಬದುಕುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ, ಟ್ಯಾಂಕಿನಲ್ಲಿ ಅದಕ್ಕೆ ಅನಿಮೋನ್ ಅಗತ್ಯವೇ ಇಲ್ಲ. ಅನಿಮೋನ್ ತನಗೆ ಒಪ್ಪುವ ಜಾಗ ಸಿಗುವವರೆಗೆ ನಡೆಯುತ್ತಾ ದಾರಿಯ ಹವಳಗಳನ್ನೆಲ್ಲ ಕುಟುಕುತ್ತದೆ, ಪಂಪಿಗೆ ಸಿಕ್ಕಿ ಚೂರಾದರೆ ಇಡೀ ನೀರು ಕೆಡುತ್ತದೆ. ಬೇಕೆಂದವರು ಟ್ಯಾಂಕಿಗೆ ಕನಿಷ್ಠ ಆರು ತಿಂಗಳಾದ ಮೇಲೆ ಬಬಲ್ ಟಿಪ್ ಜಾತಿಯನ್ನು ತರಬಹುದು. ಕಾರ್ಪೆಟ್ ಅನಿಮೋನ್ ಮೀನುಗಳನ್ನೇ ಹಿಡಿದು ತಿನ್ನುತ್ತದೆ.

ಕ್ವಾರಂಟೈನ್ ಮತ್ತು ಪ್ರವೇಶದ ಕ್ರಮ

ಒಣ ಬಂಡೆ, ಮರಳು, ನೀರು ತುಂಬಿದ ಮೇಲೆ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಎಂದು ಪರೀಕ್ಷೆ ತೋರಿಸುವವರೆಗೆ ಯಾವ ಜೀವಿಯೂ ಬೇಡ.

ಪ್ರತಿ ಮೀನನ್ನೂ ಕನಿಷ್ಠ ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ನೋಡಿಕೊಂಡ ಮೇಲೆಯೇ ಒಳಗೆ ಬಿಡಬೇಕು. ಬಿಳಿ ಚುಕ್ಕೆಯ ಇಚ್ ರೋಗಕ್ಕೆ ಕೊಡುವ ತಾಮ್ರದ ಔಷಧಿ ಸಿಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲುತ್ತದೆ, ಆದ್ದರಿಂದ ಹವಳದ ಟ್ಯಾಂಕಿನಲ್ಲಿ ಅದನ್ನು ಬಳಸುವಂತಿಲ್ಲ. ರೋಗ ಒಳಗೆ ಬಂದರೆ ಮೀನುಗಳನ್ನೆಲ್ಲ ಹೊರತೆಗೆದು, ಪರಾವಲಂಬಿ ಸಾಯುವವರೆಗೆ ಹಲವು ವಾರ ಟ್ಯಾಂಕನ್ನು ಮೀನಿಲ್ಲದೆ ಬಿಡಬೇಕಾಗುತ್ತದೆ. ಹವ್ಯಾಸಿಗಳು ಇದಕ್ಕೆ 76 ದಿನಗಳ ಲೆಕ್ಕ ಹಿಡಿಯುತ್ತಾರೆ. ಕ್ವಾರಂಟೈನ್‌ಗೆ ಸಣ್ಣ ಟ್ಯಾಂಕು, ಸ್ಪಾಂಜ್ ಫಿಲ್ಟರ್, ಅಡಗಲು ಒಂದೆರಡು ಪಿವಿಸಿ ಪೈಪಿನ ತುಂಡು ಇಷ್ಟೇ ಸಾಕು, ಜಾಗವಿಲ್ಲ ಎಂಬ ನೆಪ ನಿಲ್ಲದು.

ಪ್ರವೇಶದ ಕ್ರಮ ಒಂದೇ: ಅಂಜುವುದು ಮೊದಲು, ಅಂಜಿಸುವುದು ಕೊನೆಗೆ. ನಮ್ಮ ಮಾದರಿ ಟ್ಯಾಂಕಿಗೆ ಮೊದಲು ಬಸವನಹುಳು ಮತ್ತು ಗಟ್ಟಿಮುಟ್ಟಾದ ಒಂದೆರಡು ಮೆದು ಹವಳಗಳು. ಎರಡು ಮೂರು ವಾರದ ನಂತರ ಗೋಬಿ, ಪಿಸ್ತೂಲ್ ಸಿಗಡಿಯ ಜೋಡಿ ಮತ್ತು ಒಂದು ಫೈರ್ ಫಿಶ್. ಫೈರ್ ಫಿಶ್ ಬೆದರಿದರೆ ನೀರಿನಿಂದ ಹೊರಗೆ ಹಾರುತ್ತದೆ, ಟ್ಯಾಂಕಿನ ಮೇಲೆ ಬಲೆಯ ಮುಚ್ಚಳ ಇರಲೇಬೇಕು. ಬಳಿಕ ಬಾಂಗಾಯ್ ಕಾರ್ಡಿನಲ್ ಮೀನಿನ ಜೋಡಿಯೊಂದು. ಗುಂಪಾಗಿ ತಂದರೆ ಅವು ಒಂದನ್ನೊಂದು ಓಡಿಸಿ ಕೊನೆಗೆ ಎರಡೇ ಉಳಿಯುವುದರಿಂದ ಜೋಡಿಯನ್ನೇ ತರುವುದು ಜಾಣತನ. ಅದಾದ ಮೇಲೆ ರಾಯಲ್ ಗ್ರಾಮ, ಆಮೇಲೆ ಕ್ಲೌನ್ ಜೋಡಿ. ಮುಖ್ಯ ಜೀವಿಯಾದ ಕ್ಲೌನ್ ಇಷ್ಟು ತಡವಾಗಿ ಬರುವುದು ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ಅದು ಮೂಲೆಯೊಂದನ್ನು ತನ್ನದಾಗಿಸಿಕೊಂಡ ಮೇಲೆ ಫೈರ್ ಫಿಶ್‌ನಂಥ ಅಂಜುಕುಳಿಗೆ ಎಡೆ ಸಿಗದೆಂಬುದು ನನ್ನ ಕಾರಣ. ಟೊಮಿನಿ ಟ್ಯಾಂಗ್ ಕಟ್ಟಕಡೆಗೆ, ಅದೂ ಬೇಸಿಗೆ ಕಳೆದು, ನೀರಿನ ಉಷ್ಣತೆ ಹಿಡಿತದಲ್ಲಿದೆ ಎಂದು ಖಚಿತವಾದ ಮೇಲೆ. ಮೀನುಗಳ ಎರಡು ಸೇರ್ಪಡೆಗಳ ನಡುವೆ ಮೂರು ನಾಲ್ಕು ವಾರ ಅಂತರವಿರಲಿ.

ಬಿಡುವ ದಿನ ದೀಪಗಳನ್ನು ಆರಿಸಿ, ಹಳೆಯ ಮೀನುಗಳಿಗೆ ಹೊಟ್ಟೆ ತುಂಬ ಆಹಾರ ಹಾಕಿ, ಹೊಸದನ್ನು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಟ್ಯಾಂಕಿನೊಳಗೇ ತೂಗಿಬಿಡಿ. ಹಳೆಯವು ಗಾಜಿಗೆ ಬಡಿದು ಬಡಿದು ಬೇಸತ್ತ ಮೇಲೆ ಬಿಡುಗಡೆ ಮಾಡಿದರೆ ಆಕ್ರಮಣದ ತೀವ್ರತೆ ಬಹುಪಾಲು ಇಳಿದಿರುತ್ತದೆ. ಸಿಗಡಿ, ಬಸವನಹುಳುಗಳಿಗೆ ಲವಣಾಂಶದ ಹಠಾತ್ ಬದಲಾವಣೆ ಆಗದು, ಅವುಗಳ ನೀರಿಗೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಒಂದು ಗಂಟೆಯಷ್ಟು ಸೇರಿಸಬೇಕು.

ಜಗಳ ನಿಲ್ಲದಿದ್ದರೆ

ಮೊದಲ ದಿನಗಳ ಅಟ್ಟಾಡಿಸುವಿಕೆ ಸಹಜ. ಹರಿದ ರೆಕ್ಕೆ, ಮೂಲೆಯ ಮೇಲ್ಭಾಗದಲ್ಲೇ ನಿಂತಿರುವ ಮೀನು, ಆಹಾರಕ್ಕೂ ಹೊರಬಾರದ ಮೀನು, ಇವು ಕಂಡರೆ ಕಾಯಬಾರದು. ಬಂಡೆಗಳ ಜೋಡಣೆಯನ್ನು ಬದಲಿಸಿದರೆ ಹಳೆಯ ಗಡಿಗಳು ಅಳಿಸಿಹೋಗಿ ಕೆಲವೊಮ್ಮೆ ಶಾಂತಿ ನೆಲೆಸುತ್ತದೆ. ಹವಳಗಳು ಬಂಡೆಗೆ ಅಂಟಿ ಬೆಳೆದ ಟ್ಯಾಂಕಿನಲ್ಲಿ ಈ ಉಪಾಯ ಸಾಧ್ಯವಿಲ್ಲದ ಕಾರಣ, ಅಲ್ಲಿ ಜಗಳಗಂಟನನ್ನು ಹಿಡಿದು ಕ್ವಾರಂಟೈನ್ ಟ್ಯಾಂಕಿನಲ್ಲಿ ಒಂದು ವಾರ ಇರಿಸಿ, ಪೆಟ್ಟುತಿಂದ ಮೀನು ಚೇತರಿಸಿಕೊಂಡ ಮೇಲೆ ಮರಳಿ ಬಿಟ್ಟು ನೋಡಬೇಕು. ಆಗಲೂ ಸರಿಹೋಗದಿದ್ದರೆ ಎರಡರಲ್ಲಿ ಒಂದು ಮನೆ ಬಿಡಲೇಬೇಕು. ಹಾಗೆ ಹೊರಬೀಳುವ ಜೀವಿಯನ್ನು ಪಣಂಬೂರಿನ ದಡದಲ್ಲೋ ಮಲ್ಪೆಯ ಬಂಡೆಗಳ ನಡುವೆಯೋ ಕಡಲಿಗೆ ಬಿಡುವುದು ಕೂಡದು, ಅನ್ಯ ಕಡಲಿನ ಜೀವಿಯೂ ಅದರ ಮೈಯಲ್ಲಿರುವ ರೋಗಾಣುವೂ ಇಲ್ಲಿನ ನೀರಿಗೆ ಹೊಸವು. ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂದು ಅಂಗಡಿಯವರನ್ನು ಮೀನು ಕೊಳ್ಳುವ ದಿನವೇ ಕೇಳಿ, ಒಪ್ಪಿದವರಿಂದಲೇ ಕೊಳ್ಳಿ.